ಎಷ್ಟು ಮಾರಿದೆನೆಂದು ಭಾವನಿಗೆ ಹೇಳಲಿಲ್ಲ

ಗೇಮ್ ಕಂಪೆನಿಯ ಆ ಮನುಷ್ಯ ಸಿಕ್ಕಿದರೆ ಇವತ್ತಿಗೂ ನಾನು ಅವನಿಗೆ ಒಂದು ಲೋಟ ನೀರು ಕೊಡುವುದಿಲ್ಲ. ಕುಂದಾಪುರದ ನನ್ನ ಅಂಗಡಿಯಲ್ಲಿ ಕೂತು, ನಾನು ತರಿಸಿದ ಚಾ ಕುಡಿದು, ನಾಲ್ಕು ಗೋಳಿಬಜೆ ತಿಂದು, ನಾನು ಕೇಳಿದ ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡದೆ ನಕ್ಕು ಎದ್ದುಹೋದವನು ಅವನು. ಪ್ರಶ್ನೆಯೇನು ದೊಡ್ಡದಲ್ಲ. ನಿಮ್ಮ ಈ ಹೊಸ ಗೇಮ್ ಮೆಶಿನ್ ನಮ್ಮ ಕಡೆ ಇಷ್ಟರವರೆಗೆ ಎಷ್ಟು ಮಾರಾಟವಾಗಿದೆ ಎಂದು ಕೇಳಿದ್ದೆ, ಅಷ್ಟೇ.

"ಅದೊಂದು ಮಾತ್ರ ಹೇಳುವ ಹಾಗಿಲ್ಲ ಸಾರ್. ಕಂಪೆನಿ ಪಾಲಿಸಿ" ಎಂದ. ಹೇಳುವಾಗ ತುಟಿ ಒಂದು ಬದಿಗೆ ಎಳೆದು ಸಣ್ಣಗೆ ನಕ್ಕ.

ಬೇರೆ ಊರಿನ ವ್ಯಾಪಾರಿಯಾಗಿದ್ದರೆ ಅಲ್ಲೇ ಅವನಿಗೆ ಬಾಗಿಲು ತೋರಿಸುತ್ತಿದ್ದ. ಲೆಕ್ಕ ಬಚ್ಚಿಡುವವನ ಹತ್ತಿರ ಲೆಕ್ಕ ಇರುವುದಿಲ್ಲ ಎಂಬುದು ಪೇಟೆಯಲ್ಲಿ ಹುಟ್ಟಿ ಬೆಳೆದವರಿಗೆ ಗೊತ್ತು. ನಾನು ಕಡಲ ಬದಿಯಲ್ಲಿ ಬೆಳೆದವನು. ನಮ್ಮ ಮನೆಯಲ್ಲಿ ಕಲಿತದ್ದು ಇದಕ್ಕೆ ಪೂರಾ ಉಲ್ಟಾ.

ನಮ್ಮ ಅಪ್ಪಯ್ಯ ದೋಣಿಗೆ ಹೋಗುತ್ತಿದ್ದರು. ದೋಣಿ ದಡಕ್ಕೆ ಬರುವಾಗ ಯಾರಾದರೂ "ಹ್ವಾಯ್, ಎಂತಾರೂ ಇತ್ತಾ?" ಎಂದು ಕೂಗಿ ಕೇಳಿದರೆ, ಬಲೆ ಖಾಲಿಯಿದ್ದ ದಿನ ಅವರಿಗೆ ಬಾಯಿ ಬರುತ್ತಿತ್ತು. ಗಾಳಿಗೆ, ನೀರಿಗೆ, ದೋಣಿಯಲ್ಲಿ ಜೊತೆಗಿದ್ದವರ ಅಪ್ಪ ಅಜ್ಜನಿಗೆ ಎಲ್ಲ ಬೈದು ಇಡೀ ಕೇರಿಗೆ ಸುದ್ದಿ ತಿಳಿಸುತ್ತಿದ್ದರು. ಬಲೆ ತುಂಬಿದ ದಿನ ಮಾತೇ ಇಲ್ಲ. ಕೇಳಿದವನ ಮುಖ ನೋಡಿ ತುಟಿ ಒಂದು ಬದಿಗೆ ಎಳೆದು ನಕ್ಕು, ಹಗ್ಗ ಎಳೆಯುತ್ತಿದ್ದರು. ಹೇಳಿದರೆ ಕಣ್ಣು ತಾಗುತ್ತದೆ. ಕಣ್ಣು ತಾಗುವುದಕ್ಕಿಂತ ಹೆಚ್ಚಿಗೆ, ನಾಳೆ ಬೆಳಿಗ್ಗೆ ಹತ್ತು ದೋಣಿ ಅದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಅಮ್ಮ ಮೀನು ಮಾರಲು ಹೋಗುವವಳು. ಅವಳು ಮೀನು ನೋಡುತ್ತಲೇ ಇರಲಿಲ್ಲ, ಅಪ್ಪಯ್ಯನ ಬಾಯಿ ನೋಡುತ್ತಿದ್ದಳು. ಬೈಯುತ್ತಿದ್ದರೆ ಒಂದು ಬುಟ್ಟಿ ಇಳಿಸುತ್ತಿದ್ದಳು, ಸುಮ್ಮನಿದ್ದರೆ ಮೂರು ಬುಟ್ಟಿ. ಒಂದು ದಿನವೂ ಅವಳ ಅಂದಾಜು ತಪ್ಪಿದ್ದು ನಾನು ಕಂಡಿಲ್ಲ.

ಕಂಪೆನಿಯವನ ತುಟಿಯಲ್ಲಿ ನಾನು ಅಪ್ಪಯ್ಯನ ನಗು ಕಂಡೆ. ಓಹೋ, ಇವನ ಬಲೆ ತುಂಬಿದೆ ಅಂದುಕೊಂಡೆ. ಎರಡನೇ ಮಾತಿಲ್ಲದೆ ನಲವತ್ತು ಮೆಶಿನ್ ಇಳಿಸಿಕೊಳ್ಳಲು ಒಪ್ಪಿದೆ. ನನ್ನಂಥ ಬೋಳಿಮಗನಿಗೆ ಯಾರು ಬುದ್ಧಿ ಹೇಳಬೇಕಿತ್ತು?

ನನಗೆ ಈ ಧಂದೆ ಹೊಸದಾಗಿರಲಿಲ್ಲ ಎಂಬುದು ಇನ್ನೂ ನಾಚಿಕೆಯ ಸಂಗತಿ. ದೋಣಿ ಹತ್ತಿದರೆ ನನಗೆ ವಾಂತಿ. ಅದಕ್ಕೇ ಅಪ್ಪಯ್ಯ ನನ್ನ ಆಸೆ ಬಿಟ್ಟರು. ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಕಲಿತು ತೊಂಬತ್ತೇಳರಲ್ಲಿ ಕುಂದಾಪುರ ಪೇಟೆಯಲ್ಲಿ ಒಂದು ಗೂಡಂಗಡಿಗಿಂತ ಸ್ವಲ್ಪ ದೊಡ್ಡ ಕೋಣೆ ಹಿಡಿದೆ. ಆಗ ಟಿವಿಗೆ ಸಿಕ್ಕಿಸಿ ಆಡುವ ಅಗ್ಗದ ವಿಡಿಯೋ ಗೇಮ್ ಬರುತ್ತಿತ್ತು. ಅದರ ಕ್ಯಾಸೆಟ್ ಮೇಲೆ ಸಾವಿರಗಟ್ಟಲೆ ಆಟ ಇದೆ ಎಂದು ಬರೆದಿರುತ್ತಿತ್ತು. ಹಾಕಿ ನೋಡಿದರೆ ಇದ್ದದ್ದು ಏಳೆಂಟು ಆಟ, ಅವೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಗೇಮ್ ಮಾರುವವರ ಎಣಿಕೆ ಎಂಥದ್ದು ಎಂದು ನನಗೆ ಅವತ್ತೇ ತಿಳಿಯಬೇಕಿತ್ತು.

ಆ ಅಗ್ಗದ ಮೆಶಿನ್ ಕೊಳ್ಳಲು ತೆಕ್ಕಟ್ಟೆಯಿಂದ, ಹಾಲಾಡಿಯಿಂದ, ಶಂಕರನಾರಾಯಣದಿಂದೆಲ್ಲ ಬಸ್ ಹತ್ತಿ ಬರುತ್ತಿದ್ದರು. ಬಂದವರು ಬಾಳಿಕೆ ಕೇಳುವುದಿಲ್ಲ, ಗ್ಯಾರಂಟಿ ಕೇಳುವುದಿಲ್ಲ. "ನಮ್ ಬದಿಯಂಗೆ ಯಾರ್ ಯಾರ್ ತಕಂಡಿದ್ರ್?" ಇದೇ ಮೊದಲ ಪ್ರಶ್ನೆ. ಪಕ್ಕದ ಮನೆಯಲ್ಲಿ ಇನ್ನೊಂದು ಇದ್ದರೆ ಕ್ಯಾಸೆಟ್ ಬದಲಿಸಿಕೊಳ್ಳಬಹುದು. ಇಲ್ಲದಿದ್ದರೆ ತಂದದ್ದೊಂದೇ ಕ್ಯಾಸೆಟ್ಟನ್ನು ಸಾಯುವ ತನಕ ಆಡಬೇಕು. ಹಾಲಾಡಿಯ ಒಬ್ಬ ಮಾಸ್ತರರು ಹದಿನೈದನೇ ದಿನಕ್ಕೆ ಮೆಶಿನ್ ವಾಪಸು ತಂದು ಮೇಜಿನ ಮೇಲೆ ಇಟ್ಟರು. ಹಾಳಾಗಿರಲಿಲ್ಲ. "ನಮ್ ಊರಂಗೆ ಇದ್ ಒಂದೇ ಅಂಬ್ರ್. ನೀವ್ ಹೇಳ್ಲೇ ಇಲ್ಲೆ" ಎಂದು ನಾನೇನೋ ಅವರಿಗೆ ಮೋಸ ಮಾಡಿದ ಹಾಗೆ ನೋಡಿದರು. ನಾನು ಅವರ ಜೊತೆ ಜಗಳವಾಡಿದೆ. ಈಗ ಯೋಚಿಸಿದರೆ ಅವರದ್ದೇ ಸರಿ.

ದೊಡ್ಡ ಕಂಪೆನಿಗಳ ಗುಟ್ಟೂ ಅಷ್ಟೇ. ಮೆಶಿನ್ ಕಡಿಮೆ ಮಾರಾಟವಾಗಿದೆ ಎಂದು ಗೊತ್ತಾದರೆ ಆಟ ತಯಾರಿಸುವವರು ಆ ಮೆಶಿನ್‌ಗೆ ಆಟ ಮಾಡುವುದಿಲ್ಲ. ಆಟ ಇಲ್ಲ ಎಂದರೆ ಗಿರಾಕಿ ಮೆಶಿನ್ ಕೊಳ್ಳುವುದಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು. ಹಾಗಂತ ಒಂದು ವರ್ಷ ಚೆನ್ನಾಗಿ ಹೋಯಿತೆಂದು ಬಾಯಿ ಬಿಟ್ಟರೋ, ಮುಂದಿನ ವರ್ಷ ಸುಮ್ಮನಿದ್ದರೆ ಆ ಸುಮ್ಮನಿರುವಿಕೆಯೇ ಸುದ್ದಿಯಾಗುತ್ತದೆ. ಅದಕ್ಕೇ ಯಾವತ್ತೂ ಹೇಳುವುದಿಲ್ಲ. ಇದನ್ನು ಈಗ ನಾನು ಯಾವ ಮೇಷ್ಟರಿಗೂ ಕಮ್ಮಿಯಿಲ್ಲದ ಹಾಗೆ ವಿವರಿಸಬಲ್ಲೆ. ಎರಡು ಸಾವಿರದ ಆರರಲ್ಲಿ, ಕಂಪೆನಿಯವನು ಬಂದು ಕೂತಾಗ, ಈ ಬುದ್ಧಿ ಎಲ್ಲಿ ಸತ್ತಿತ್ತೋ.

ಬ್ರಹ್ಮಾವರದಲ್ಲಿ ಅದೇ ಕಂಪೆನಿಯ ಮೆಶಿನ್ ಇಟ್ಟ ಇನ್ನೊಬ್ಬ ಅಂಗಡಿಯವನಿದ್ದ. ಹೇಗೆ ಹೋಗುತ್ತಿದೆ ಎಂದು ವಿಚಾರಿಸಲು ಒಂದು ದಿನ ಅಲ್ಲಿಗೇ ಹೋದೆ. ಅವನು ನನ್ನನ್ನು ಒಳಗೆ ಕೂರಿಸಿ, ಫ್ಯಾನ್ ಹಾಕಿ, "ನಿಮ್ದು ಹೇಗೆ ಮಾರಾಯ್ರೆ?" ಎಂದು ತಿರುಗಿ ಕೇಳಿದ. ನಾನು ತುಟಿ ಎಳೆದು ನಕ್ಕೆ. ಅವನೂ ನಕ್ಕ. ಇಬ್ಬರೂ ಸೋಡಾ ಕುಡಿದೆವು. ಇವನದ್ದು ನನಗಿಂತ ಎಷ್ಟೋ ಹೆಚ್ಚು ಹೋಗುತ್ತಿರಬೇಕು ಎಂದು ಹೊಟ್ಟೆ ಉರಿಸಿಕೊಂಡು ಬಸ್ ಹತ್ತಿದೆ. ನನ್ನ ಅಂಗಡಿಯಲ್ಲಿ ಅಷ್ಟು ಹೊತ್ತಿಗೆ ಹೋದದ್ದು ಆರು.

ಇಷ್ಟೇ ಆಗಿದ್ದರೆ ಒಬ್ಬ ಮುಠ್ಠಾಳ ವ್ಯಾಪಾರಿಯ ಕತೆ, ನಗಾಡಿ ಬಿಡಬಹುದಿತ್ತು. ನಾನು ಭಾವನನ್ನು ಎಳೆದುತಂದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಗಂಗೊಳ್ಳಿ ಬಂದರಿನ ಒಂದು ದೊಡ್ಡ ಬೋಟಿನ ತಾಂಡೇಲರು. ತಾಂಡೇಲ ಅಂದರೆ ಬೋಟು ನಡೆಸುವವನು ಮಾತ್ರವಲ್ಲ. ಮೀನು ಎಲ್ಲಿದೆ, ಬಲೆ ಯಾವಾಗ ಬಿಡಬೇಕು ಎಂದು ಹೇಳುವವನು. ನೀರಿನ ಬಣ್ಣ ನೋಡಿ ಕೆಳಗಿರುವುದು ಬಂಗುಡೆಯೋ ಬೂತಾಯಿಯೋ ಎಂದು ಹೇಳುತ್ತಿದ್ದರು. ಬೋಟಿನಲ್ಲಿದ್ದ ಇಪ್ಪತ್ತೈದು ಮೂವತ್ತು ಜನ ಅವರ ಕೈ ಸನ್ನೆಗೆ ಕಾಯುತ್ತಿದ್ದರು. ಬಂದರಿನಲ್ಲಿ ಅವರು ನಡೆದು ಬಂದರೆ ಬೀಡಿ ಸೇದುತ್ತಿದ್ದವರು ಬೀಡಿ ಕೆಳಗೆ ಹಿಡಿಯುತ್ತಿದ್ದರು. ಇಪ್ಪತ್ತು ವರ್ಷ ಬಲೆ ಎಳೆದು, ಬೈಸಿಕೊಂಡು, ಕಲಿತು, ಆಮೇಲೆ ಸಿಕ್ಕಿದ ಜಾಗ ಅದು.

ಅವರಿಗೆ ಬೈಂದೂರಿನಲ್ಲಿ ಒಂದು ಅಂಗಡಿ ಹಾಕಿಸಬೇಕು ಎಂಬ ಹುಳ ನನ್ನ ತಲೆಗೆ ಹೊಕ್ಕಿತು. ಭಾವನ ಮೇಲಿನ ಪ್ರೀತಿ ಎಂದು ಆಗ ಎಲ್ಲರಿಗೂ ಹೇಳಿದೆ. ಪ್ರೀತಿಯೂ ಅಲ್ಲ, ಮಣ್ಣೂ ಅಲ್ಲ. ಬೈಂದೂರು ಕಡೆ ಹತ್ತಾರು ಮೆಶಿನ್ ಹೋದರೆ ಕುಂದಾಪುರದವರಿಗೂ ಆಟದ ಸಿಡಿ ಬದಲಿಸಿಕೊಳ್ಳಲು ಜನ ಸಿಗುತ್ತಾರೆ, ಆಗ ನನ್ನದೂ ಹೋಗುತ್ತದೆ ಎಂಬ ಲೆಕ್ಕಾಚಾರ. ನನಗೆ ಇನ್ನೊಬ್ಬ ಬೇಕಿತ್ತು. ಆ ಇನ್ನೊಬ್ಬ ನನ್ನ ಮಾತು ನಂಬುವವನಾಗಿರಬೇಕಿತ್ತು.

ಮಳೆಗಾಲದಲ್ಲಿ ಬೋಟುಗಳು ಎರಡು ತಿಂಗಳು ಕಡಲಿಗೆ ಇಳಿಯುವುದಿಲ್ಲ. ಹೊಸ ಹಂಗಾಮಿಗೆ ಯಾರು ತಾಂಡೇಲ ಎಂಬುದು ಆ ಬಿಡುವಿನಲ್ಲೇ ತೀರ್ಮಾನವಾಗುವುದು. ಬೋಟಿನ ಧಣಿ ಭಾವನಿಗೆ ಹೇಳಿ ಕಳಿಸಿದ್ದರು: ಈ ಸಲ ಬರುತ್ತೀರೋ ಇಲ್ಲವೋ, ಬೋಟು ಇಳಿಸುವ ನೂಲ ಹುಣ್ಣಿಮೆಗೆ ಮುಂಚೆ ಒಂದು ಮಾತು ಹೇಳಿ, ನೀವಿಲ್ಲದಿದ್ದರೆ ನಾನು ಬೇರೆಯವರನ್ನು ನೋಡಬೇಕು. ಒಮ್ಮೆ ಕೈಬಿಟ್ಟರೆ ಆ ಜಾಗ ಮತ್ತೆ ಸಿಗುವುದಿಲ್ಲ. ಅದು ಅಕ್ಕನಿಗೆ ಗೊತ್ತಿತ್ತು, ಭಾವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ಅಕ್ಕನ ಮನೆ ಜಗುಲಿಯಲ್ಲಿ ಭಾವ ಬಲೆಯ ಹರಿದ ಕಣ್ಣು ಹೆಣೆಯುತ್ತ ಕೂತಿದ್ದರು. ಅಕ್ಕ ಬಾಗಿಲಲ್ಲಿ ನಿಂತು ಸಿಗಡಿ ಸುಲಿಯುತ್ತಿದ್ದಳು. ನಾನು ಕಂಪೆನಿಯ ಜಾಹೀರಾತಿನ ಬಣ್ಣದ ಕಾಗದ ಬಿಡಿಸಿ ಬೈಂದೂರಿನ ಅಂಗಡಿಯ ಬಗ್ಗೆ ಹೇಳುತ್ತಿದ್ದೆ.

ಭಾವ ತಲೆ ಎತ್ತಿದರು. "ಅದೆಲ್ಲ ಇರ್ಲಿ. ನಿನ್ ಅಂಗ್ಡಿಯಂಗೆ ಒಂದ್ ವರ್ಷಕ್ಕೆ ಎಷ್ಟ್ ಹೋತ್? ಹತ್ತ್ ಹೋತಾ, ನೂರ್ ಹೋತಾ? ಅಷ್ಟ್ ಹೇಳ್, ನಂಗ್ ಸಾಕ್."

ವರ್ಷಕ್ಕೆ ಹೋದದ್ದು ಹನ್ನೊಂದು. ಉಳಿದ ಇಪ್ಪತ್ತೊಂಬತ್ತು ಪೆಟ್ಟಿಗೆಗಳ ಮೇಲೆ ಹಲ್ಲಿ ಮೊಟ್ಟೆಯಿಟ್ಟಿತ್ತು. ಹನ್ನೊಂದು ಎಂದು ಹೇಳಿದರೆ ಭಾವ ಮತ್ತೆ ತಲೆ ತಗ್ಗಿಸಿ ಬಲೆ ಹೆಣೆಯುತ್ತಾರೆ, ಮಾತು ಮುಗಿಯಿತು. ನೂರು ಎಂದು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಅಷ್ಟು ಮರ್ಯಾದೆ ನನಗಿದೆ ಎಂದು ಆಗ ನನಗೇ ಹೆಮ್ಮೆಯಾಯಿತು, ಥೂ. ನಾನು ಏನೂ ಹೇಳಲಿಲ್ಲ. ತುಟಿ ಎಳೆದು ನಕ್ಕು ಅಂಗಳದ ಕಡೆ ನೋಡಿದೆ.

ಭಾವನ ಮುಖ ಅರಳಿತು. ಅವರೂ ಕಡಲಿನವರೇ ಅಲ್ಲವೇ? ಮೂವತ್ತು ವರ್ಷ ಕಡಲಲ್ಲಿ ಸುಮ್ಮನಿದ್ದವರ ಬಲೆಯೇ ತುಂಬಿದ್ದು ಕಂಡವರು. "ಹೇಳೂದ್ ಬೇಡ ಬಿಡ್. ಕಣ್ಣ್ ಬೀಳತ್ತ್" ಎಂದು ನನ್ನ ತೊಡೆ ತಟ್ಟಿದರು.

ಅಕ್ಕ ಮಾತ್ರ ಸಿಗಡಿ ಪಾತ್ರೆ ಕೆಳಗಿಟ್ಟಳು. "ಅವ್ರ್ ಕೇಂಡದ್ದಕ್ಕೆ ಒಂದ್ ಲೆಕ್ಕ ಹೇಳ್ ಮಾರಾಯ. ನಮ್ ಮನಿ ಒಳಗೆ ಕಣ್ಣ್ ಹಾಕುವವ್ರ್ ಯಾರ್ ಇದ್ರ್?"

"ಅಕ್ಕ, ವ್ಯಾಪಾರದ್ ವಿಷ್ಯ ನಿಂಗ್ ಗೊತ್ತಾತಿಲ್ಲೆ" ಎಂದೆ. ಅವಳು ನನ್ನನ್ನು ಎತ್ತಿ ಆಡಿಸಿದವಳು. ಅವಳ ಬಾಯಿ ಮುಚ್ಚಿಸಿದೆ. ಮರುದಿನ ಭಾವ ಧಣಿಯ ಮನೆಗೆ ಹೋಗಿ, ಈ ಸಲ ನನ್ನ ಆಸೆ ಬಿಡಿ ಎಂದು ಹೇಳಿ ಬಂದರು.

ಬೈಂದೂರಿನ ಅಂಗಡಿಯ ಎರಡು ವರ್ಷದ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ. ಭಾವ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿ, ಕೂದಲಿಗೆ ಎಣ್ಣೆ ಹಚ್ಚಿ, ಗಾಜಿನ ಕಪಾಟಿನ ಹಿಂದೆ ಕೂರುತ್ತಿದ್ದರು. ಅವರ ಗಂಟಲು ಬೋಟಿನ ಇಂಜಿನ್ನಿನ ಮೇಲೆ ಕೂಗಿ ಅಭ್ಯಾಸವಾದದ್ದು. ಅವರು "ಬನ್ನಿ" ಎಂದರೆ ಒಳಗೆ ಬಂದ ಗಿರಾಕಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಬಂದವರೆಲ್ಲ ಹಳೇ ಪ್ರಶ್ನೆಯನ್ನೇ ಕೇಳಿದರು: ಈ ಬದಿಯಲ್ಲಿ ಯಾರ ಮನೆಯಲ್ಲಿದೆ? ಭಾವ ನನಗೆ ಫೋನ್ ಮಾಡುತ್ತಿದ್ದರು. "ಕುಂದಾಪ್ರದಂಗೆ ಎಷ್ಟ್ ಜನರ ಹತ್ರ ಇತ್ತ್ ಅಂದ್ ಹೇಳೂದ್ ಇವ್ರಿಗೆ?" ನಾನು ಅಂಗಡಿಯಲ್ಲಿ ರಶ್ ಇದೆ ಎಂದು ಫೋನ್ ಇಡುತ್ತಿದ್ದೆ. ಅಂಗಡಿಯಲ್ಲಿ ಇರುತ್ತಿದ್ದದ್ದು ನಾನು ಮತ್ತು ಒಂದು ಟೇಬಲ್ ಫ್ಯಾನ್.

ಮಂಗಳೂರಿನ ಹೋಟೆಲೊಂದರಲ್ಲಿ ಕಂಪೆನಿ ಅಂಗಡಿಯವರ ಸಭೆ ಕರೆಯಿತು. ದೊಡ್ಡ ಪರದೆ ಮೇಲೆ ಅಕ್ಷರ ಮೂಡಿಸಿ, ಜಿಲ್ಲೆಯಲ್ಲಿ ಅದ್ಭುತ ಪ್ರತಿಕ್ರಿಯೆ, ಇಷ್ಟು ಮೆಶಿನ್ ತಲುಪಿಸಿದ್ದೇವೆ ಎಂದು ಮೊದಲ ಬಾರಿಗೆ ಒಂದು ಸಂಖ್ಯೆ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ತಟ್ಟುತ್ತಿದ್ದ ಕೈ ಅರ್ಧದಲ್ಲಿ ನಿಂತಿತು. ಮಾರಿದ್ದೇವೆ ಎಂದಲ್ಲ, ತಲುಪಿಸಿದ್ದೇವೆ ಎಂದು! ಹಲ್ಲಿ ಮೊಟ್ಟೆಯಿಟ್ಟ ನನ್ನ ಇಪ್ಪತ್ತೊಂಬತ್ತು ಪೆಟ್ಟಿಗೆಗಳೂ, ಬೈಂದೂರಿನಲ್ಲಿ ಭಾವ ದಿನಾ ಬಟ್ಟೆಯಿಂದ ಒರೆಸುತ್ತಿದ್ದ ಪೆಟ್ಟಿಗೆಗಳೂ ಆ ಸಂಖ್ಯೆಯೊಳಗಿದ್ದವು. ಊಟದ ಸಾಲಿನಲ್ಲಿ ಬ್ರಹ್ಮಾವರದವನು ತಟ್ಟೆ ಹಿಡಿದು ನನ್ನ ಹಿಂದೆ ನಿಂತಿದ್ದ. ಕಿವಿಯ ಹತ್ತಿರ ಬಂದು, "ನಂದು ಮೂರೇ ಮಾರಾಯ್ರೆ. ಅದ್ರಲ್ಲಿ ಒಂದು ನನ್ನ ಅಳಿಯನೇ ಕೊಂಡೋದ್ದು" ಎಂದ. ನಾನು ತಟ್ಟೆ ಅಲ್ಲೇ ಇಟ್ಟು ಸಾಲಿನಿಂದ ಹೊರಬಂದೆ.

ಕಂಪೆನಿಯವನನ್ನು ಕೈತೊಳೆಯುವ ಜಾಗದಲ್ಲಿ ಹಿಡಿದೆ. ಎದೆಯ ಮೇಲಿನ ಟೈ ಮುಷ್ಟಿಯಲ್ಲಿ ಹಿಡಿದು, "ನೀನು ನನಗೆ ಮೋಸ ಮಾಡಿದ್ದು. ಒಂದು ಸಂಖ್ಯೆ ಹೇಳಿದ್ದರೆ ನಾನು ಇದಕ್ಕೆ ಕೈ ಹಾಕುತ್ತಿರಲಿಲ್ಲ" ಎಂದು ಕೂಗಿದೆ. ಇನ್ನೂ ಏನೇನೋ ಕೂಗಿದೆ, ಅವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅವನು ಹೆದರಲಿಲ್ಲ. "ನಾನು ಸುಳ್ಳು ಹೇಳಿದ್ದೇನಾ ಸಾರ್? ಹೇಳುವುದಿಲ್ಲ ಎಂದೆ, ಅಷ್ಟೆ" ಎಂದ. ಆಮೇಲೆ ನನ್ನ ಬೆರಳು ಒಂದೊಂದಾಗಿ ಬಿಡಿಸುತ್ತ, "ಬೈಂದೂರಿನ ನಿಮ್ಮ ಭಾವ ನನ್ನ ಹತ್ರ ಎರಡು ಸಲ ಕೇಳಿದ್ರು. ಕುಂದಾಪುರದ ಅಂಗಡಿಯಲ್ಲಿ ಎಷ್ಟು ಹೋಗಿದೆ, ನೀವಾದ್ರೂ ಹೇಳಿ ಅಂತ. ಪಾಲಿಸಿ ಅಂದೆ. ನಿಮ್ಮ ಮರ್ಯಾದೆ ಉಳಿಸಿದ್ದು ನಾನು" ಎಂದ.

ಅವನಿಗೆ ಹೊಡೆಯಬೇಕೆಂದು ಎತ್ತಿದ ಕೈ ಹಾಗೇ ಇಳಿಯಿತು. ಅವನ ಮೇಲೆ ನನಗೆ ಇವತ್ತಿಗೂ ಇರುವ ದ್ವೇಷಕ್ಕೆ ಕಾರಣ ನಲವತ್ತು ಪೆಟ್ಟಿಗೆಯಲ್ಲ, ಈ ಮಾತು. ಕನ್ನಡಿಯ ಮುಂದೆ ನಿಲ್ಲಿಸಿದ ಹಾಗೆ ನನ್ನನ್ನು ನನಗೇ ತೋರಿಸಿ, ಟೈ ಸರಿ ಮಾಡಿಕೊಂಡು ಹೋದ.

ಬೈಂದೂರಿನ ಅಂಗಡಿ ಎರಡು ಸಾವಿರದ ಒಂಬತ್ತರ ಮಳೆಗಾಲದಲ್ಲಿ ಮುಚ್ಚಿತು. ಭಾವ ಧಣಿಯ ಹತ್ತಿರ ಹೋದರು. ಅಷ್ಟು ಹೊತ್ತಿಗೆ ಬೋಟಿಗೆ ಬೇರೆ ತಾಂಡೇಲ ಬಂದು, ಅವನ ಕೈಗೆ ಒಳ್ಳೆ ಮೀನೂ ಬಿದ್ದಿತ್ತು. ಅವನು ಭಾವನ ಕೈಕೆಳಗೇ ಕಲಿತವನು. ಬಲೆ ಎಳೆಯುವವರ ಪೈಕಿ ಒಂದು ಜಾಗ ಇದೆ, ಬರುವುದಾದರೆ ಬನ್ನಿ ಎಂದರಂತೆ ಧಣಿ. ಐವತ್ತು ದಾಟಿದ ಭಾವ ಹೋದರು.

ಅಕ್ಕ ನನ್ನನ್ನು ಮನೆಯೊಳಗೆ ಸೇರಿಸಲಿಲ್ಲ. ಅಮ್ಮನ ತಿಥಿಗೆಂದು ಹೋದ ಒಂದು ದಿನ ಮಾತ್ರ ಎಲೆ ಹಾಕಿದಳು, ಬಡಿಸಿದಳು, ಮುಖ ನೋಡಲಿಲ್ಲ. ಎದ್ದು ಹೊರಟಾಗ ಬೆನ್ನಿಗೆ ಹೇಳಿದಳು: "ಅವತ್ತ್ ಹೇಳ್ದೇ ಇದ್ದದ್ದನ್ನ ಇವತ್ತೂ ಹೇಳ್ಬೇಡ. ನಿನ್ ಗುಟ್ಟ್ ನಿನ್ ಹತ್ರವೇ ಕೊಳೀಲಿ."

ಎರಡು ವರ್ಷ ಬಿಟ್ಟು ಒಂದು ಬೆಳಿಗ್ಗೆ ಪೇಪರಿನ ಮೂಲೆಯಲ್ಲಿ ಸುದ್ದಿ ಬಂತು. ಆ ಮೆಶಿನ್ ತಯಾರಿಸುವುದನ್ನೇ ಕಂಪೆನಿ ನಿಲ್ಲಿಸಿದೆಯಂತೆ, ಜೊತೆಗೆ ಒಟ್ಟು ಎಷ್ಟು ಮಾರಾಟವಾಯಿತು ಎಂಬ ಲೆಕ್ಕವನ್ನೂ ಹೇಳಿದೆಯಂತೆ. ಸತ್ತ ಮೇಲೆ ಜಾತಕ ಬರೆದು ಕೊಟ್ಟ ಹಾಗೆ. ಕೋಪಕ್ಕೆ ಪೇಪರ್ ಹರಿದು ಬಿಸಾಡಿದೆ. ಆಮೇಲೆ, ಇವರೇ ಹೇಳಿದ ಮೇಲೆ ನನ್ನದೇನು, ಇವತ್ತು ಹೋಗಿ ಹೇಳಿಯೇ ಬಿಡುತ್ತೇನೆ ಎಂದು ಹಟ ಹತ್ತಿತು. ಹೇಳಿದರೆ ಹಗುರವಾದೀತು ಎಂಬ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಅಂಗಡಿ ಬಾಗಿಲು ಎಳೆದು ಗಂಗೊಳ್ಳಿಗೆ ಹೋದೆ.

ಬೋಟು ಆಗಷ್ಟೇ ಬಂದು ಬಂದರಿನ ಕಟ್ಟೆಗೆ ತಾಗಿತ್ತು. ಭಾವ ಕಟ್ಟೆಯ ಮೇಲೆ ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದರು. ಬಿಸಿಲಿಗೆ ಅಂಗಿ ತೆಗೆದಿದ್ದರು. ಎದೆಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಕೈ ನಿಲ್ಲಿಸಿದರು.

"ಭಾವ, ಆ ವರ್ಷ ನನ್ ಅಂಗ್ಡಿಯಂಗೆ ಹೋದದ್ದ್ ಹನ್ನೊಂದ್" ಎಂದೆ. ನಾಲ್ಕು ಜನ ಕೇಳುವ ಹಾಗೆ ಗಟ್ಟಿಯಾಗಿಯೇ ಹೇಳಿದೆ. "ನೀವ್ ಜಗ್ಲಿಯಂಗೆ ಕೇಂಡ್ರಿ ಅಲ್ದಾ, ಅವತ್ತಿನ್ ಲೆಕ್ಕ. ಹನ್ನೊಂದೇ."

ಅವರು ಬೈಯಲಿ ಎಂದು ಕಾದೆ. ಬೈದಿದ್ದರೆ ಕಾಲು ಹಿಡಿಯಲೂ ತಯಾರಿದ್ದೆ. ಭಾವ ಕೈಯಲ್ಲಿದ್ದ ಬುಟ್ಟಿಯನ್ನು ಇನ್ನೊಂದರೊಳಗೆ ಒತ್ತಿ ಕೂರಿಸಿದರು.

"ನೀ ಈಗ ಹೇಳ್ತೆ ಅಲ್ದಾ?" ಎಂದರು. "ಈಗ ಅದ್ ಯಾರಿಗ್ ಬೇಕ್?"

ನಾನು ಬಾಯಿ ತೆರೆಯುವುದರೊಳಗೆ ಬೋಟಿನ ಮೇಲಿಂದ ಹೊಸ ತಾಂಡೇಲ ಕೂಗಿದ. ಭಾವನಿಗಿಂತ ಹದಿನೈದು ವರ್ಷ ಚಿಕ್ಕವನು, ಅವರು ಕೈ ಹಿಡಿದು ಬಲೆ ಬಿಡಲು ಕಲಿಸಿದವನು. "ಹ್ವಾಯ್! ಅಲ್ಲ್ ನಿಂತ್ಕಂಡ್ ಎಂತ ಪಟ್ಟಾಂಗ? ಬುಟ್ಟಿ ತಕಂಡ್ ಬಾ ಬೇಗ!"

"ಬಂದೆ ತಾಂಡೇಲ್ರೆ" ಎಂದು ಭಾವ ಬುಟ್ಟಿಗಳನ್ನು ಹೆಗಲಿಗೇರಿಸಿಕೊಂಡು, ನನ್ನನ್ನು ದಾಟಿ ಓಡಿದರು.